ಮೂಳೆಯೊಳಗೆ ದಾರಿ ಕಾಣದ ಕಾವಲುಗಾರರು

(ಮುರಿದ ಮೂಳೆಗೆ ತಗಲುವ ಸೋಂಕಿನ ಕುರಿತು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದಿದ್ದ ಪುನರಾವರ್ತನೆಗಳನ್ನು ಕಳೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೂಳೆ ಮುರಿದು, ಪ್ಲೇಟು ಹಾಕಿಸಿಕೊಂಡು, ಕೆಲವು ವಾರಗಳ ಮೇಲೆ ಅದೇ ಜಾಗದಿಂದ ಕೀವು ಒಸರತೊಡಗಿದ ರೋಗಿಗಳನ್ನು ನೋಡುತ್ತ ನನ್ನ ವೃತ್ತಿಜೀವನದ ದೊಡ್ಡ ಪಾಲು ಕಳೆದಿದೆ. ಅವರಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆ ಕೇಳುತ್ತಾರೆ: "ಡಾಕ್ಟರೇ, ನನ್ನ ಮೈಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಿದೆಯೇ?" ಆ ಪ್ರಶ್ನೆಯಲ್ಲಿ ಒಂದು ಅಪರಾಧಿ ಭಾವ ಇರುತ್ತದೆ. ತಾನೇನೋ ತಪ್ಪು ಮಾಡಿದೆ, ತನ್ನ ದೇಹ ಕೈಕೊಟ್ಟಿತು ಎಂಬ ಸಂಕೋಚ ಇರುತ್ತದೆ. ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡದ್ದೇ ಆ ಸಂಕೋಚವನ್ನು ಕಳೆಯಬೇಕೆಂದು.

ಒಬ್ಬರ ವಿಷಯ ಹೇಳುತ್ತೇನೆ. ಮೂವತ್ತರ ಆಸುಪಾಸಿನ ಯುವಕ, ಆಟಗಾರ. ನೆಗಡಿಯೂ ಅಪರೂಪ ಎನ್ನುವಂಥ ಮೈಕಟ್ಟು. ಅಪಘಾತದಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಚರ್ಮ ಸೀಳಿಕೊಂಡು ಹೊರಬಂದಿತ್ತು. ಶಸ್ತ್ರಚಿಕಿತ್ಸೆ ಆಯಿತು, ಗಾಯ ಮುಚ್ಚಿತು. ಎರಡು ತಿಂಗಳ ಮೇಲೆ ಹೊಲಿಗೆಯ ಕಲೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದು ಒಸರತೊಡಗಿತು. ನನ್ನ ಬಳಿಗೆ ಬರುವ ಹೊತ್ತಿಗೆ ಒಂದು ವರ್ಷ ದಾಟಿತ್ತು, ಬೇರೆ ಬೇರೆ ಆಂಟಿಬಯಾಟಿಕ್‌ಗಳ ಸರದಿಯೂ ಮುಗಿದಿತ್ತು. ಅವರ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿರಕ್ತಕಣಗಳು ಬೇಕಾದಷ್ಟಿದ್ದವು, ಎಲ್ಲವೂ ಆರೋಗ್ಯವಾಗಿದ್ದವು. ಸೈನ್ಯದಲ್ಲಿ ಏನೂ ಕೊರತೆಯಿರಲಿಲ್ಲ. ಯುದ್ಧ ನಡೆಯಬೇಕಾದ ಜಾಗಕ್ಕೆ ಅದು ಹೋಗಲಾಗುತ್ತಿರಲಿಲ್ಲ. ಹೋದದ್ದೂ ಅಲ್ಲಿ ಮೋಸಹೋಗುತ್ತಿತ್ತು.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಮೊದಲು ಮೂಳೆಯನ್ನು ಸರಿಯಾಗಿ ನೋಡಬೇಕು. ಶಾಲೆಯ ಪ್ರಯೋಗಾಲಯದಲ್ಲಿ ನೇತುಹಾಕಿದ ಅಸ್ಥಿಪಂಜರ ನೋಡಿದವರಿಗೆ ಮೂಳೆಯೆಂದರೆ ಒಣ ಕಟ್ಟಿಗೆಯಂಥ ವಸ್ತು. ಜೀವಂತ ಮೂಳೆ ಹಾಗಿಲ್ಲ, ಕತ್ತರಿಸಿದರೆ ರಕ್ತ ಜಿನುಗುತ್ತದೆ. ಅದರ ಗಟ್ಟಿ ಭಾಗದೊಳಗೆ ಆಸ್ಟಿಯೊಸೈಟ್ ಎಂಬ ಕೋಶಗಳು ಪುಟ್ಟ ಪುಟ್ಟ ಗೂಡುಗಳಲ್ಲಿ ಕುಳಿತಿವೆ. ವಯಸ್ಕರ ಅಸ್ಥಿಪಂಜರದಲ್ಲಿ ಅವುಗಳ ಸಂಖ್ಯೆ ಸುಮಾರು 4,200 ಕೋಟಿ ಎಂಬ ಅಂದಾಜಿದೆ. ಗೂಡಿನಿಂದ ಗೂಡಿಗೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಾಲುವೆಗಳಿವೆ. ಈ ಕಾಲುವೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಇನ್ನು ಮೂಳೆಯ ಒಳಗಿನ ಮಜ್ಜೆ ನಮ್ಮ ರಕ್ಷಣಾ ಕೋಶಗಳ ತವರುಮನೆ. ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳನ್ನೇ ಅದು ದಿನಕ್ಕೆ ಸುಮಾರು 10,000 ಕೋಟಿಯಷ್ಟು ಹುಟ್ಟಿಸುತ್ತದೆ. ಅಂಥ ಮೂಳೆಯಲ್ಲಿಯೇ ಸೋಂಕು ವರ್ಷಗಟ್ಟಲೆ ಮನೆ ಮಾಡಿಕೊಂಡು ಕೂರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಮೂಳೆ ಮುರಿದ ಕೂಡಲೇ ಆ ಜಾಗದಲ್ಲಿ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ಸೋಂಕು ಇಲ್ಲದಿದ್ದರೂ ಮೊದಲ ಕೆಲವು ಗಂಟೆಗಳಲ್ಲೇ ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಧಾವಿಸುತ್ತವೆ. ಅವುಗಳ ಹಿಂದೆಯೇ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಹೆಸರಿಗೆ ತಕ್ಕ ಹಾಗೆ ಇವು ದೊಡ್ಡ ಭಕ್ಷಕಗಳು, ಸತ್ತ ಕೋಶಗಳನ್ನೂ ಚೂರುಗಳನ್ನೂ ನುಂಗಿ ಜಾಗ ಶುಚಿ ಮಾಡುತ್ತವೆ. ಮೊದಲ ದಿನಗಳಲ್ಲಿ ಅವುಗಳ ಸ್ವಭಾವ ಉಗ್ರ. ಆಮೇಲೆ ಅದೇ ಜಾಗದ ಮ್ಯಾಕ್ರೋಫೇಜ್‌ಗಳು ಶಾಂತವಾಗಿ, ಹೊಸ ರಕ್ತನಾಳ ಬೆಳೆಸುವ, ಮೂಳೆ ಕಟ್ಟುವ ಕೋಶಗಳನ್ನು ಕರೆಯುವ ಕೆಲಸಕ್ಕೆ ತೊಡಗುತ್ತವೆ. ಊತ, ಬಿಸಿ, ನೋವು ಎಂದು ನಾವು ಬೈದುಕೊಳ್ಳುವ ಆ ಮೊದಲ ಹಂತವನ್ನು ಪೂರ್ತಿ ಅಡಗಿಸಿದರೆ ಮೂಳೆ ಕೂಡುವುದೇ ಕಷ್ಟ. 2016ರಲ್ಲಿ ಜಪಾನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದ ಸಂಗತಿ ನನಗೆ ಬಹಳ ಮೆಚ್ಚುಗೆಯಾದದ್ದು: ಗಾಮಾ-ಡೆಲ್ಟಾ ಎಂಬ ಬಗೆಯ ಟಿ ಕೋಶಗಳು (ಇವೂ ಬಿಳಿರಕ್ತಕಣಗಳೇ) ಮುರಿದ ಜಾಗದಲ್ಲಿ ಇಂಟರ್‌ಲ್ಯೂಕಿನ್-17 ಎಂಬ ಸಂದೇಶವನ್ನು ಹೊರಡಿಸುತ್ತವೆ, ಅದರಿಂದ ಮೂಳೆ ಬೇಗ ಕೂಡುತ್ತದೆ. ಕೀಲುವಾತದಲ್ಲಿ ಮೂಳೆಯನ್ನು ಸವೆಸಲು ಕಾರಣವಾಗುವ ಸಂದೇಶಗಳಲ್ಲಿ ಇದೂ ಒಂದು. ಒಂದೇ ಮಾತು ಒಂದು ಕಡೆ ಕಟ್ಟುವ ಆಜ್ಞೆ, ಇನ್ನೊಂದು ಕಡೆ ಕೆಡಹುವ ಆಜ್ಞೆ. ರಕ್ಷಣಾ ವ್ಯವಸ್ಥೆಗೂ ಮೂಳೆಗೂ ನಡುವಿನ ಈ ನಂಟನ್ನು ಅಧ್ಯಯನ ಮಾಡುವ ಶಾಖೆಗೆ ಆಸ್ಟಿಯೊಇಮ್ಯುನಾಲಜಿ ಎಂದು ಹೆಸರಿಟ್ಟದ್ದು 2000ದಲ್ಲಿ. ಅಂದರೆ ಈ ವಿದ್ಯೆಗೆ ಇನ್ನೂ ಎಳೆ ಪ್ರಾಯ.

ಈಗ ಚರ್ಮ ಸೀಳಿದ ಮುರಿತಕ್ಕೆ ಬರೋಣ. ಒಂದೂವರೆ ಶತಮಾನದ ಹಿಂದೆ ಇಂಥ ಗಾಯವೆಂದರೆ ಕಾಲು ಹೋಯಿತು ಇಲ್ಲವೇ ಜೀವ ಹೋಯಿತು ಎಂಬ ಸ್ಥಿತಿ. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ರೋಗಾಣುಗಳನ್ನು ಕೊಲ್ಲುವ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಹುಡುಗ ಕಾಲು ಉಳಿಸಿಕೊಂಡ. ಆಧುನಿಕ ಶಸ್ತ್ರಚಿಕಿತ್ಸೆಯ ಒಂದು ಮುಖ್ಯ ಅಧ್ಯಾಯ ಶುರುವಾದದ್ದು ಹೀಗೆ ಒಂದು ತೆರೆದ ಮುರಿತದಿಂದ ಎಂಬುದು ನಮ್ಮ ವಿಭಾಗದವರಿಗೆ ಹೆಮ್ಮೆ. ಆದರೂ ಸಮಸ್ಯೆ ತೀರಿಲ್ಲ. ತೆರೆದ ಮುರಿತಗಳನ್ನು ನಾವು ಇಂದಿಗೂ 1976ರಲ್ಲಿ ಗಸ್ಟಿಲೋ ಮತ್ತು ಆಂಡರ್ಸನ್ ಮಾಡಿದ ವರ್ಗೀಕರಣದ ಆಧಾರದಲ್ಲಿ ಅಳೆಯುತ್ತೇವೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ, ಶುಭ್ರ ಗಾಯವಿರುವ ಮೊದಲ ದರ್ಜೆಯಲ್ಲಿ ಸೋಂಕು ಅಪರೂಪ. ಸ್ನಾಯು ನುಜ್ಜುಗುಜ್ಜಾಗಿ ರಕ್ತನಾಳವೂ ಹರಿದ ಮೂರನೆಯ ದರ್ಜೆಯಲ್ಲಿ ಅದು ಹಲವು ಪಟ್ಟು ಹೆಚ್ಚು. ಬಿದ್ದ ಕೊಳೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಈ ವ್ಯತ್ಯಾಸ ಉಳಿಯುತ್ತದೆ, ಏಕೆಂದರೆ ರಕ್ತ ಹರಿಯದ ಕಡೆಗೆ ಬಿಳಿರಕ್ತಕಣವೂ ಹೋಗದು, ಔಷಧವೂ ಹೋಗದು.

ಇಂಥ ಸೋಂಕಿನಲ್ಲಿ ಮುಂಚೂಣಿಯಲ್ಲಿರುವುದು ಸ್ಟೆಫಿಲೊಕಾಕಸ್ ಆರಿಯಸ್. ನಾವು ವೈದ್ಯರು ಚಿಕ್ಕದಾಗಿ ಸ್ಟಾಫ್ ಎನ್ನುತ್ತೇವೆ. ಅನೇಕರ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸಿಸುವ ಬ್ಯಾಕ್ಟೀರಿಯಾ ಇದು. ಅದನ್ನು ಅಪಾಯಕಾರಿಯಾಗಿಸುವುದು ಸನ್ನಿವೇಶ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲಿ ಒಂದು ಪ್ರಯೋಗ ಮಾಡಿದರು. ಆರೋಗ್ಯವಂತ ಚರ್ಮದಲ್ಲಿ ಕೀವು ಬರಿಸಲು ಹಲವು ದಶಲಕ್ಷ ಸ್ಟಾಫ್ ಬೇಕಾದವು. ಅಲ್ಲೇ ಒಂದು ರೇಷ್ಮೆ ಹೊಲಿಗೆಯ ದಾರವಿದ್ದರೆ ಕೆಲವು ನೂರು ಸಾಕಾದವು. ಒಂದು ಎಳೆ ದಾರಕ್ಕೇ ಇಷ್ಟು ವ್ಯತ್ಯಾಸ! ನಮ್ಮ ಪ್ಲೇಟು, ಸ್ಕ್ರೂ, ರಾಡುಗಳು ದಾರಕ್ಕಿಂತ ಎಷ್ಟು ದೊಡ್ಡವು ಎಂದು ಯೋಚಿಸಿ.

ಅನ್ಯವಸ್ತುವೊಂದು ಇಷ್ಟು ವ್ಯತ್ಯಾಸ ಮಾಡುವುದೇಕೆ ಎಂಬುದಕ್ಕೆ ಉತ್ತರದ ಸುಳಿವು ಇನ್ನೂ ಹಳೆಯದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲೆಮಾರಿ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ದೇಹದ ಕೋಶಗಳು ಅನ್ಯವಸ್ತುವನ್ನು ಮುತ್ತಿ ನುಂಗುತ್ತವೆ ಎಂಬ ಅವರ ಸಿದ್ಧಾಂತಕ್ಕೆ 1908ರಲ್ಲಿ ನೊಬೆಲ್ ಬಂತು. ಆ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದು ಬೇರೆ: ಆ ಕೋಶಗಳು ಮುಳ್ಳನ್ನು ಮುತ್ತಿದವು ನಿಜ, ಆದರೆ ನುಂಗಲಾದೀತೇ? ನೂರು ವರ್ಷಗಳ ಬಳಿಕ, 1980ರ ದಶಕದ ಆರಂಭದಲ್ಲಿ, ಸ್ವಿಟ್ಜರ್‌ಲೆಂಡಿನ ವರ್ನರ್ ಜಿಮ್ಮರ್ಲಿ ಮತ್ತು ಸಂಗಡಿಗರು ಗಿನಿಯಿಲಿಗಳ ಚರ್ಮದಡಿ ರಂಧ್ರಗಳಿರುವ ಪುಟ್ಟ ಕೊಳವೆ ಇಟ್ಟು ಪರೀಕ್ಷಿಸಿದರು. ಕೊಳವೆಯೊಳಗೆ ನೂರು ಬ್ಯಾಕ್ಟೀರಿಯಾ ಸಾಕಾಯಿತು, ಸೋಂಕು ನಿಂತಿತು. ಕೊಳವೆಯೊಳಗಿನ ನ್ಯೂಟ್ರೋಫಿಲ್‌ಗಳನ್ನು ಹೊರತೆಗೆದು ನೋಡಿದರೆ ಅವುಗಳಿಗೆ ಕೊಲ್ಲುವ ಕಸುವೇ ಕುಂದಿತ್ತು. ನುಂಗಲಾಗದ ವಸ್ತುವನ್ನು ನುಂಗಲು ಹೆಣಗಿ, ತಮ್ಮ ಒಡಲಿನ ವಿಷಚೀಲಗಳನ್ನು ಅದರ ಮೇಲೆಯೇ ಸುರಿದು ಬರಿದಾಗಿದ್ದವು. ನಿಜವಾದ ಶತ್ರು ಎದುರಾಗುವ ಹೊತ್ತಿಗೆ ಬತ್ತಳಿಕೆ ಖಾಲಿ.

ಹೀಗೆ ಲೋಹದ ಮೇಲ್ಮೈಯಲ್ಲಿ ಒಂದು ಪೈಪೋಟಿ ನಡೆಯುತ್ತದೆ. ದೇಹದ ಕೋಶಗಳು ಮೊದಲು ಬಂದು ಅಂಟಿಕೊಂಡರೆ ನಾವು ಗೆದ್ದಂತೆ. ಬ್ಯಾಕ್ಟೀರಿಯಾ ಮೊದಲು ಅಂಟಿಕೊಂಡರೆ ಅವು ತಮ್ಮ ಸುತ್ತ ಲೋಳೆಯಂಥ ಹೊದಿಕೆ ಹೆಣೆದುಕೊಳ್ಳುತ್ತವೆ. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಅದರೊಳಗೆ ಅವು ಬೆಳವಣಿಗೆಯನ್ನು ನಿಧಾನಿಸಿ ಮಂಕಾಗಿ ಬದುಕುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಗಳಿಗೆ ಆಗ ಹಿಡಿತವೇ ಸಿಗುವುದಿಲ್ಲ.

ಈಗ ಒಂದು ಗಾಜಿನ ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಪರದೆಯ ಮೇಲೆ ಕಾಣುತ್ತಿರುವುದು ಸೋಂಕಿತ ಮಜ್ಜೆಯ ತೆಳುವಾದ ಚೂರು. ನಡುವೆ ಕಡುನೀಲಿ ಗುಂಪಿದೆಯಲ್ಲ, ಅದು ಸ್ಟಾಫ್‌ಗಳ ವಸಾಹತು. ಅದರ ಸುತ್ತ ಗುಲಾಬಿ ಬಣ್ಣದ ಉಂಗುರ. ಉಂಗುರದ ಆಚೆ ಚುಕ್ಕೆ ಚುಕ್ಕೆಯಾಗಿ, ಪ್ರತಿ ಚುಕ್ಕೆಯೊಳಗೂ ಮೂರು ನಾಲ್ಕು ಹೋಳುಗಳಾಗಿ ಕಾಣುವುದು ನ್ಯೂಟ್ರೋಫಿಲ್‌ಗಳು. ಸತ್ತವೂ ಇವೆ, ಸಾಯುತ್ತಿರುವವೂ ಇವೆ. ಅವುಗಳಿಂದಾಚೆ ಮ್ಯಾಕ್ರೋಫೇಜ್‌ಗಳ ಸಾಲು. ಮೊದಲ ನೋಟಕ್ಕೆ ದೇಹ ಶತ್ರುವಿಗೆ ಕೋಟೆ ಹಾಕಿದ ಹಾಗಿದೆ. ಆದರೆ ಆ ಗುಲಾಬಿ ಉಂಗುರ ಫೈಬ್ರಿನ್‌ನದು, ನಮ್ಮದೇ ರಕ್ತ ಹೆಪ್ಪುಗಟ್ಟಿಸುವ ಪದಾರ್ಥ. ಸ್ಟಾಫ್ ಕೊಯಾಗ್ಯುಲೇಸ್ ಎಂಬ ಪ್ರೋಟೀನನ್ನು ಹೊರಬಿಟ್ಟು ನಮ್ಮ ಫೈಬ್ರಿನ್ನನ್ನೇ ತನ್ನ ಸುತ್ತ ಗೋಡೆಯಾಗಿ ಕಟ್ಟಿಸಿಕೊಂಡಿದೆ. ಕೋಟೆ ಅದರದು, ಇಟ್ಟಿಗೆ ಮಾತ್ರ ನಮ್ಮದು.

ಇನ್ನು ಆ ಮ್ಯಾಕ್ರೋಫೇಜ್‌ಗಳು ಹೊರಗೇ ಏಕೆ ನಿಂತಿವೆ? ಸಾಯುವಾಗ ನ್ಯೂಟ್ರೋಫಿಲ್ ಒಂದು ಕೊನೆಯ ಸಾಹಸ ಮಾಡುತ್ತದೆ. ತನ್ನ ಡಿಎನ್‌ಎಯನ್ನೇ ಬಿಚ್ಚಿ ಬಲೆಯಂತೆ ಹೊರಗೆಸೆಯುತ್ತದೆ. ಆ ಬಲೆಗೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪದಾರ್ಥಗಳು ಅಂಟಿಕೊಂಡಿರುತ್ತವೆ. ಇದನ್ನು 2004ರಲ್ಲಿ ಬರ್ಲಿನ್ನಿನ ಸಂಶೋಧಕರು ಕಂಡುಕೊಂಡರು. ಸ್ಟಾಫ್ ಆ ಬಲೆಯನ್ನು ಒಂದು ಕಿಣ್ವದಿಂದ ಕತ್ತರಿಸುತ್ತದೆ, ಇನ್ನೊಂದು ಕಿಣ್ವದಿಂದ ಆ ಚೂರುಗಳನ್ನು ಡಿಆಕ್ಸಿಅಡಿನೋಸಿನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಈ ವಸ್ತು ಮ್ಯಾಕ್ರೋಫೇಜ್‌ಗಳಿಗೆ ವಿಷ. 2013ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಎಷ್ಟೋ ವರ್ಷಗಳಿಂದ ಇಂಥ ಗಾಜಿನ ಪಟ್ಟಿಗಳನ್ನು ನೋಡುತ್ತಿದ್ದೆ. ಒಳಗೆ ಹೋಗದೆ ಅಂಚಿನಲ್ಲಿ ನಿಂತ ಮ್ಯಾಕ್ರೋಫೇಜ್‌ಗಳನ್ನು ಕಂಡೂ, ಅವು ಏಕೆ ಒಳಹೋಗುತ್ತಿಲ್ಲ ಎಂದು ಕೇಳಿರಲಿಲ್ಲ.

ಆಗ ಕಾಲುವೆಗಳನ್ನು ನೆನಪಿಟ್ಟುಕೊಳ್ಳಿ ಎಂದೆ. ಸ್ಟಾಫ್ ದುಂಡಗಿನ ಬ್ಯಾಕ್ಟೀರಿಯಾ, ಅಡ್ಡಳತೆ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮೂಳೆಯೊಳಗಿನ ಕಾಲುವೆಯ ಅಗಲ ಅದರ ಅರ್ಧದಷ್ಟು ಅಥವಾ ಇನ್ನೂ ಕಡಿಮೆ. ಆದ್ದರಿಂದ ಅಲ್ಲಿಗೆ ಏನೂ ನುಗ್ಗಲಾರದು ಎಂದೇ ಎಲ್ಲರ ಗ್ರಹಿಕೆಯಾಗಿತ್ತು. 2017ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಸೋಂಕಿತ ಮೂಳೆಯನ್ನು ನೋಡಿದಾಗ, ಸ್ಟಾಫ್‌ಗಳು ಉದ್ದಕ್ಕೆ ಜಗ್ಗಿಕೊಂಡು ಒಂದರ ಹಿಂದೊಂದು ಸಾಲಾಗಿ ಆ ಕಾಲುವೆಗಳಲ್ಲಿ ತುಂಬಿದ್ದವು. ಆಮೇಲೆ ಮನುಷ್ಯರ ಸೋಂಕಿತ ಮೂಳೆಯಲ್ಲೂ ಅದೇ ದೃಶ್ಯ ಕಂಡಿತು. ನ್ಯೂಟ್ರೋಫಿಲ್‌ನ ಅಡ್ಡಳತೆ 10 ಮೈಕ್ರಾನಿಗೂ ಹೆಚ್ಚು. ಮೃದು ಅಂಗಾಂಶದಲ್ಲಾದರೆ ಅದು ಸಂದುಗೊಂದುಗಳಲ್ಲಿ ಹಿಗ್ಗಿ ಕುಗ್ಗಿ ತೂರಿಕೊಳ್ಳುತ್ತದೆ. ಕಲ್ಲಿನಂಥ ಮೂಳೆಯ ಅರ್ಧ ಮೈಕ್ರಾನಿನ ಸಂದಿಯಲ್ಲಿ ಅದರ ಆಟ ನಡೆಯದು. ಯುವಕನ ರಕ್ತದಲ್ಲಿ ಸೈನ್ಯ ಬೇಕಾದಷ್ಟಿತ್ತು ಎಂದೆನಲ್ಲ, ಅದು ನಿಂತದ್ದು ಇಂಥ ಬಾಗಿಲ ಮುಂದೆ.

ಮೂಳೆ ಕಟ್ಟುವ ಕೋಶಗಳ ಒಳಗೂ ಸ್ಟಾಫ್ ಅಡಗುತ್ತದೆ. ಅಲ್ಲಿ ನಿಧಾನಗತಿಯ, ಪುಟ್ಟ ವಸಾಹತುಗಳ ರೂಪ ತಾಳಿ, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಲೂ ಸತಾಯಿಸುತ್ತದೆ. "ಎಲ್ಲ ವಾಸಿಯಾಗಿತ್ತು, ಹತ್ತು ವರ್ಷದ ಮೇಲೆ ಮತ್ತೆ ಬಂತು" ಎನ್ನುವ ರೋಗಿಗಳ ಮಾತನ್ನು ನಾನು ಎಂದೂ ತಳ್ಳಿಹಾಕುವುದಿಲ್ಲ. ಬಾಲ್ಯದ ಮೂಳೆ ಸೋಂಕು 75 ವರ್ಷಗಳ ಬಳಿಕ ಮತ್ತೆ ಕಾಣಿಸಿಕೊಂಡ ಪ್ರಕರಣವೊಂದು 2012ರಲ್ಲಿ ವರದಿಯಾಗಿದೆ. ಬೂದಿ ಮುಚ್ಚಿದ ಕೆಂಡ ಮುಕ್ಕಾಲು ಶತಮಾನ ಆರದೆ ಉಳಿದಿತ್ತು.

ಹಾಗಾದರೆ ಮೂಳೆ ಕರಗುವುದೇಕೆ? ಬ್ಯಾಕ್ಟೀರಿಯಾ ತಿಂದುಬಿಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹೆಚ್ಚಿನ ಪಾಲನ್ನು ತಿನ್ನುವುದು ನಮ್ಮದೇ ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು. ಇವು ಮ್ಯಾಕ್ರೋಫೇಜ್‌ಗಳ ದಾಯಾದಿಗಳು, ಒಂದೇ ವಂಶದವು. ಹಳೆಯ ಮೂಳೆಯನ್ನು ಕರಗಿಸಿ ಹೊಸದಕ್ಕೆ ಜಾಗ ಮಾಡುವುದು ಅವುಗಳ ದಿನನಿತ್ಯದ ಕಾಯಕ. ಸೋಂಕಿನಿಂದ ಉರಿಯೂತ ಹೆಚ್ಚಿದಾಗ ಮೂಳೆ ಕಟ್ಟುವ ಕೋಶಗಳೂ ಟಿ ಕೋಶಗಳೂ ರ‍್ಯಾಂಕ್‌ಎಲ್ ಎಂಬ ಸಂದೇಶವನ್ನು ವಿಪರೀತ ಹೊರಡಿಸುತ್ತವೆ. ಅದನ್ನು ಪಡೆದ ಆಸ್ಟಿಯೊಕ್ಲಾಸ್ಟ್‌ಗಳು ಮಿತಿಯಿಲ್ಲದೆ ಹುಟ್ಟಿ ಮೂಳೆಯನ್ನು ಕೊರೆಯುತ್ತವೆ. ಬೇಲಿಯೇ ಎದ್ದು ಹೊಲ ಮೇಯುವ ಪರಿ ಇದು. ಸಾಲದೆಂಬಂತೆ, 2019ರ ಒಂದು ಅಧ್ಯಯನದ ಪ್ರಕಾರ ಸ್ಟಾಫ್ ಈ ಆಸ್ಟಿಯೊಕ್ಲಾಸ್ಟ್‌ಗಳ ಒಳಗೇ ಸಂಖ್ಯೆ ಹೆಚ್ಚಿಸಿಕೊಳ್ಳಬಲ್ಲದು. ಇತ್ತ ರಕ್ತ ಕಳೆದುಕೊಂಡ ಮೂಳೆಯ ತುಂಡು ಸತ್ತು ಬೇರ್ಪಡುತ್ತದೆ, ಅದರ ಸುತ್ತ ದೇಹ ಹೊಸ ಮೂಳೆಯ ಕವಚ ಕಟ್ಟುತ್ತದೆ. ಸತ್ತ ತುಂಡು ಒಳಗೆ, ಜೀವಂತ ಕವಚ ಹೊರಗೆ. ಔಷಧ ಕವಚದವರೆಗೆ ಬಂದು ನಿಲ್ಲುತ್ತದೆ.

ತಿಂಗಳುಗಳು ಕಳೆದ ಮೇಲೆ ಇನ್ನೊಂದು ಬದಲಾವಣೆಯಾಗುತ್ತದೆ. ಮಜ್ಜೆಯಿಂದ ಬರುವ ಎಳೆಯ ಕೋಶಗಳಲ್ಲಿ ಕೆಲವು ಹೋರಾಟ ಬಿಟ್ಟು ಹೋರಾಟವನ್ನು ತಣಿಸುವ ಕೆಲಸಕ್ಕೆ ನಿಲ್ಲುತ್ತವೆ. ಇಂಟರ್‌ಲ್ಯೂಕಿನ್-10 ಎಂಬ ಶಮನ ಸಂದೇಶವನ್ನು ಹೊರಡಿಸಿ ಟಿ ಕೋಶಗಳನ್ನೂ ಮ್ಯಾಕ್ರೋಫೇಜ್‌ಗಳನ್ನೂ ಸುಮ್ಮನಿರಿಸುತ್ತವೆ. ಬಯೋಫಿಲ್ಮ್ ಹೊರಬಿಡುವ ಲ್ಯಾಕ್ಟೇಟ್ ಎಂಬ ಸಾಮಾನ್ಯ ತ್ಯಾಜ್ಯವೇ ರಕ್ಷಣಾ ಕೋಶಗಳನ್ನು ಆ ದಿಕ್ಕಿಗೆ ತಿರುಗಿಸುತ್ತದೆ ಎಂಬುದು 2020ರಲ್ಲಿ ಗೊತ್ತಾಯಿತು. ಹಾಗಾಗಿ ಹಳೆಯ ಸೋಂಕಿನಲ್ಲಿ ಜ್ವರವಿಲ್ಲ, ಹೆಚ್ಚು ನೋವಿಲ್ಲ, ಒಂದು ಸಣ್ಣ ರಂಧ್ರದಿಂದ ಒಸರುವುದಷ್ಟೇ. ಹಗ್ಗವೂ ಹರಿಯದು, ಕೋಲೂ ಮುರಿಯದು. ರೋಗಿಗಳು ಇದನ್ನು ಗುಣವಾಗುತ್ತಿರುವ ಲಕ್ಷಣವೆಂದು ಭಾವಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಅದು ನನಗೆ ತುಂಬ ಸಂಕಟ ಕೊಡುವ ಸಂಗತಿ.

ಚಿಕಿತ್ಸೆಯ ಮಾತಿಗೆ ಬರುತ್ತೇನೆ. ಗಾಯವಾದ ದಿನವೇ ಮಾಡಬೇಕಾದದ್ದರಲ್ಲಿ ಹೆಚ್ಚು ವಾದವಿಲ್ಲ: ತೆರೆದ ಮುರಿತಕ್ಕೆ ಆಂಟಿಬಯಾಟಿಕ್ ಆದಷ್ಟು ಬೇಗ ಬೀಳಬೇಕು, ಗಾಯವನ್ನು ಧಾರಾಳ ಸಲೈನ್‌ನಿಂದ ತೊಳೆಯಬೇಕು, ಸತ್ತ ಅಂಗಾಂಶ ತೆಗೆಯಬೇಕು. ಹಲವು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಸೋಪಿನ ದ್ರಾವಣಕ್ಕಿಂತ ಸಾದಾ ಸಲೈನೇ ಮೇಲಾಯಿತು.

ಸೋಂಕು ಬೇರೂರಿದ ಮೇಲಿನ ಕೆಲಸವೇ ಬೇರೆ. ಮೊದಲು ಶತ್ರು ಯಾರೆಂದು ಗೊತ್ತಾಗಬೇಕು. ಶಸ್ತ್ರಚಿಕಿತ್ಸೆಯಲ್ಲಿ ಆಳದ ಬೇರೆ ಬೇರೆ ಕಡೆಯಿಂದ ಐದು ಚೂರುಗಳಾದರೂ ತೆಗೆಯುತ್ತೇವೆ. ಕನಿಷ್ಠ ಎರಡರಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಖಚಿತ. ಇಲ್ಲಿ ನ್ಯೂಟ್ರೋಫಿಲ್ ಸಾಕ್ಷಿದಾರನಾಗಿಯೂ ನೆರವಿಗೆ ಬರುತ್ತದೆ. ತಡವಾಗಿ ಕಾಣಿಸಿಕೊಂಡ ಸೋಂಕಿನಲ್ಲಿ, ಹಳೆಯ ಮುರಿತದ ಅಂಗಾಂಶವನ್ನು 400 ಪಟ್ಟು ಹಿಗ್ಗಿಸಿ ನೋಡಿದಾಗ ಒಂದೊಂದು ನೋಟದಲ್ಲೂ ಐದಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಸಿಕ್ಕರೆ ಸೋಂಕು ದೃಢವೆಂದು ಅಂತರರಾಷ್ಟ್ರೀಯ ತಜ್ಞರು ಒಪ್ಪಿದ್ದಾರೆ. ವಾಸಿಯಾಗುತ್ತಿರುವ ಹಳೆಯ ಮೂಳೆಯಲ್ಲಿ ಅವುಗಳಿಗೆ ಅಷ್ಟು ಸಂಖ್ಯೆಯಲ್ಲಿ ಕೆಲಸವಿರುವುದಿಲ್ಲ.

ಆ ಯುವಕನ ಕಾಲನ್ನು ತೆರೆದಾಗ ಸತ್ತ ಮೂಳೆ ಸ್ಪಷ್ಟವಾಗಿ ಕಂಡಿತು. ದಂತದ ಹಾಗೆ ಬಿಳಿಚಿಕೊಂಡು, ಒಣಗಿ, ಹೊಳಪಿಲ್ಲದೆ ಇತ್ತು. ಉಳಿಯಿಂದ ಪದರ ಪದರವಾಗಿ ಕೆತ್ತುತ್ತ ಹೋದೆವು. ಬಿಳಿ, ಮತ್ತೆ ಬಿಳಿ. ಒಂದು ಹಂತದಲ್ಲಿ ಕೆತ್ತಿದ ಮೈಮೇಲೆ ಸಾಸಿವೆಗಿಂತ ಚಿಕ್ಕದಾದ ಕೆಂಪು ಚುಕ್ಕೆಯೊಂದು ಮೂಡಿತು. ಪಕ್ಕದಲ್ಲಿ ಇನ್ನೊಂದು. ಒರೆಸಿದರೆ ಮತ್ತೆ ಮೂಡಿದವು. ಆ ಚುಕ್ಕೆಗಳನ್ನು ಕಾಣುವವರೆಗೆ ನಮ್ಮ ಕೈ ನಿಲ್ಲಬಾರದು ಎಂದು ಕಿರಿಯ ವೈದ್ಯರಿಗೆ ಕಲಿಸುತ್ತೇವೆ. ಪ್ರತಿ ಚುಕ್ಕೆಯೂ ಒಂದು ತೆರೆದ ರಕ್ತನಾಳ, ಆಂಟಿಬಯಾಟಿಕ್ಕಿಗೂ ನ್ಯೂಟ್ರೋಫಿಲ್‌ಗೂ ಇರುವ ದಾರಿ. ಕಾಲುವೆಗಳಲ್ಲಿ ಅಡಗಿದವನ್ನು ಹುಡುಕಿ ಕೊಲ್ಲಲು ಯಾವ ಕೋಶಕ್ಕೂ ಆಗದ ಕಾರಣ, ಆ ಕಾಲುವೆಗಳಿರುವ ಸತ್ತ ಮೂಳೆಯನ್ನೇ ಹೊರಗೆ ಹಾಕುತ್ತೇವೆ. ಮೇಲಿನ ಚರ್ಮ, ಸ್ನಾಯು ಹಾಳಾಗಿದ್ದರೆ ಬೇರೆ ಕಡೆಯ ಜೀವಂತ ಸ್ನಾಯುವನ್ನು ಅದರ ರಕ್ತನಾಳದ ಸಮೇತ ತಂದು ಹೊದಿಸುತ್ತೇವೆ. ಅದೂ ದಾರಿ ಮಾಡುವ ಕೆಲಸವೇ.

ಕೆತ್ತಿ ತೆಗೆದ ಮೇಲೆ ಉಳಿಯುವ ಟೊಳ್ಳನ್ನು ತುಂಬುವ ಬಗೆಗಳಲ್ಲಿ ಫ್ರಾನ್ಸಿನ ಮಾಸ್ಕಲೆ ರೂಪಿಸಿದ ವಿಧಾನ ನನಗೆ ವಿಶೇಷ ಪ್ರಿಯ. ಆಂಟಿಬಯಾಟಿಕ್ ಬೆರೆಸಿದ, ಮೂಳೆ ಶಸ್ತ್ರಚಿಕಿತ್ಸೆಗೆಂದೇ ಇರುವ ಸಿಮೆಂಟಿನ ಉಂಡೆಯನ್ನು ಟೊಳ್ಳಿನಲ್ಲಿಟ್ಟು ಕೆಲವು ವಾರ ಬಿಡುತ್ತಾರೆ. ಅನ್ಯವಸ್ತುವನ್ನು ಕಂಡ ದೇಹ ಎಂದಿನಂತೆ ಕೋಶಗಳನ್ನು ಕಳುಹಿಸಿ ಅದರ ಸುತ್ತ ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ರಕ್ತನಾಳಗಳು ಹೇರಳ, ಮೂಳೆ ಬೆಳೆಸುವ ಅಂಶಗಳನ್ನೂ ಅದು ಸ್ರವಿಸುತ್ತದೆ. ಆಮೇಲೆ ಉಂಡೆಯನ್ನು ತೆಗೆದು ಪೊರೆಯ ಚೀಲದೊಳಗೆ ಮೂಳೆಯ ಚೂರು ತುಂಬುತ್ತಾರೆ. ಮುಳ್ಳಿನ ಮುಂದೆ ಸೋಲುತ್ತಿದ್ದ ಅದೇ ಪ್ರತಿಕ್ರಿಯೆ ಇಲ್ಲಿ ನಮ್ಮ ಕೆಲಸಗಾರ.

ಔಷಧದ ಬಗ್ಗೆ ಒಂದೇ ಮಾತು. ಮೂಳೆ ಸೋಂಕಿಗೆ ಆರು ವಾರ ರಕ್ತನಾಳದ ಮೂಲಕವೇ ಔಷಧ ಹೋಗಬೇಕು ಎಂಬ ನಂಬಿಕೆ ದಶಕಗಳ ಕಾಲ ಇತ್ತು. 1,054 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ ಆರು ವಾರ ಚುಚ್ಚುಮದ್ದು ಪಡೆದವರಲ್ಲಿ ಶೇ 14.6, ಮಾತ್ರೆ ಪಡೆದವರಲ್ಲಿ ಶೇ 13.2 ಮಂದಿಗೆ ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾಯಿತು. ಸರಿಯಾಗಿ ಆರಿಸಿದ ಮಾತ್ರೆ ಕಡಿಮೆಯೇನಲ್ಲ ಎಂದಾಯಿತು. ಅವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಮೊದಲೇ ಆಗಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಲಸಿಕೆ ಏಕಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಪ್ರಯತ್ನಗಳು ನಡೆದಿವೆ. ವಿ710 ಎಂಬ ಲಸಿಕೆಯನ್ನು ಎದೆಯ ಶಸ್ತ್ರಚಿಕಿತ್ಸೆಗೆ ಮುನ್ನ ಕೊಟ್ಟು 8,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಲಾಯಿತು. ಬ್ಯಾಕ್ಟೀರಿಯಾವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟಿದವು, ಸೋಂಕು ಕಡಿಮೆಯಾಗಲಿಲ್ಲ. ಸ್ಟಾಫ್ ಸೋಂಕಿಗೆ ತುತ್ತಾದವರಲ್ಲಿ ಲಸಿಕೆ ಪಡೆದವರೇ ಹೆಚ್ಚು ಸತ್ತರು. 2013ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ನಡೆಯುತ್ತಿದ್ದ ಮತ್ತೊಂದು ಲಸಿಕೆಯ ಪರೀಕ್ಷೆಯನ್ನು ಪ್ರಯೋಜನ ಕಾಣದೆ 2018ರಲ್ಲಿ ನಿಲ್ಲಿಸಲಾಯಿತು. ಸ್ಟಾಫ್ ತನ್ನ ಮೈಮೇಲಿನ ಪ್ರೋಟೀನ್-ಎ ಎಂಬ ಅಂಶದಿಂದ ಪ್ರತಿಕಾಯವನ್ನು ಬಾಲದ ಕಡೆಯಿಂದ ಹಿಡಿದುಕೊಳ್ಳುತ್ತದೆ. ನ್ಯೂಟ್ರೋಫಿಲ್‌ಗೆ ಹಿಡಿಯಲು ಬೇಕಾದದ್ದು ಆ ಬಾಲವೇ. ಇನ್ನು ಪ್ರಾಣಿಗಳಲ್ಲಿ ಯಶಸ್ವಿಯಾದದ್ದು ನಮ್ಮಲ್ಲಿ ಸೋಲಲು ಒಂದು ಕಾರಣವೂ ಗೊತ್ತಿದೆ: ಸ್ಟಾಫ್‌ನ ಕೆಲವು ವಿಷಗಳು ಮನುಷ್ಯರ ನ್ಯೂಟ್ರೋಫಿಲ್‌ಗಳನ್ನು ಸುಲಭವಾಗಿ ಕೊಲ್ಲುತ್ತವೆ, ಇಲಿಯವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಎಡೆ ಕೊಡುತ್ತೇನೆ.

ಪ್ರಶ್ನೆ: ಹಾಗಾದರೆ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ನಾವು ಏನೂ ಮಾಡಬೇಕಿಲ್ಲವೇ?

ಹೆಚ್ಚಿಸುವ ಮಾತ್ರೆ ಯಾವುದೂ ಇಲ್ಲ. ಅದರ ಜಾಹೀರಾತಿಗೆ ಹಣ ಸುರಿಯಬೇಡಿ. ಇರುವ ಕೋಶಗಳಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ. ಧೂಮಪಾನ ನಿಲ್ಲಿಸಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಮೂಳೆ ಕೂಡುವುದೂ ತಡವಾಗುತ್ತದೆ. ಮಧುಮೇಹವಿದ್ದರೆ ಸಕ್ಕರೆ ಹತೋಟಿಯಲ್ಲಿರಲಿ. ಅದು ಏರಿದಾಗ ನ್ಯೂಟ್ರೋಫಿಲ್‌ಗಳು ಗುರಿಯತ್ತ ಸಾಗುವುದೂ ಕೊಲ್ಲುವುದೂ ಎರಡೂ ಮಂದವಾಗುತ್ತವೆ. ಊಟದಲ್ಲಿ ಪ್ರೋಟೀನ್ ಸಾಕಷ್ಟಿರಲಿ.

ಪ್ರಶ್ನೆ: ಸೋಂಕಾದ ಕೂಡಲೇ ಪ್ಲೇಟು ತೆಗೆದುಬಿಟ್ಟರೆ ಸರಿಹೋಗದೇ?

ಮೂಳೆ ಕೂಡಿದ್ದರೆ ತೆಗೆಯುವುದೇ ಒಳ್ಳೆಯದು. ಕೂಡಿರದಿದ್ದರೆ ಅವಸರ ಬೇಡ. ಅಲುಗಾಡುವ ಮುರಿತದಲ್ಲಿ ಹೊಸದಾಗಿ ಮೂಡಿದ ರಕ್ತನಾಳಗಳು ಹರಿಯುತ್ತಲೇ ಇರುತ್ತವೆ, ಸೋಂಕು ಇನ್ನೂ ಹಬ್ಬುತ್ತದೆ. ಸೋಂಕು ಇತ್ತೀಚಿನದಾಗಿ, ಪ್ಲೇಟು ಬಿಗಿಯಾಗಿದ್ದರೆ ಒಳಗೆ ಶುಚಿ ಮಾಡಿ ಅದನ್ನೇ ಉಳಿಸಿಕೊಳ್ಳಲು ಯತ್ನಿಸುತ್ತೇವೆ. ಹಳೆಯದಾದರೆ ಬಯೋಫಿಲ್ಮ್ ಗಟ್ಟಿಯಾಗಿರುತ್ತದೆ. ಆಗ ಅದನ್ನು ತೆಗೆದು ಬೇರೆ ಬಗೆಯಲ್ಲಿ ಮೂಳೆಯನ್ನು ನಿಲ್ಲಿಸಬೇಕಾಗುತ್ತದೆ. ಆ ಯುವಕನಿಗೆ ಹೊರಗಿನಿಂದ ಉಂಗುರಗಳ ಚೌಕಟ್ಟು ಹಾಕಿದೆವು. ಅದರೊಂದಿಗೇ ಹಲವು ತಿಂಗಳು ನಡೆದಾಡಿದರು.

ಪ್ರಶ್ನೆ: ಸೋಂಕು ಪೂರ್ತಿ ಹೋಯಿತೆಂದು ಹೇಗೆ ತಿಳಿಯುವುದು?

ರಕ್ತದ ಸಿಆರ್‌ಪಿ ಪರೀಕ್ಷೆ ಸ್ವಲ್ಪ ಮಟ್ಟಿಗೆ ದಾರಿ ತೋರಿಸುತ್ತದೆ. ಸಿಆರ್‌ಪಿ ಎಂದರೆ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಯಾವ ಶಸ್ತ್ರಚಿಕಿತ್ಸೆಯಾದರೂ ಎರಡು ಮೂರನೆಯ ದಿನಕ್ಕೆ ಅದು ಏರಿ, ಆಮೇಲೆ ಇಳಿಯುತ್ತದೆ. ಇಳಿದದ್ದು ಮತ್ತೆ ಏರಿದರೆ ಎಚ್ಚರ. ಆದರೆ ಹಳೆಯ, ಮಂಕಾದ ಸೋಂಕಿನಲ್ಲಿ ಅದು ಸಹಜವಾಗಿಯೂ ಇರಬಹುದು. ಆದ್ದರಿಂದ ನನ್ನ ರೋಗಿಗಳಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಹಳೆಯ ಕಲೆಯ ಬಳಿ ಮತ್ತೆ ಕೆಂಪಾದರೆ, ಬಿಸಿಯೆನಿಸಿದರೆ, ರಾತ್ರಿ ಆಳದಲ್ಲಿ ನೋವು ಶುರುವಾದರೆ, ಒಂದು ಹನಿ ಒಸರಿದರೂ ಸರಿ, ಎಷ್ಟು ವರ್ಷವಾಗಿದ್ದರೂ ಬನ್ನಿ. ಹಳೆಯ ಶಸ್ತ್ರಚಿಕಿತ್ಸೆಯ ಕಾಗದ, ಎಕ್ಸ್‌ರೇ ಜೊತೆಗಿರಲಿ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಮಾತ್ರೆಯನ್ನು ನುಂಗಿ ಬರಬೇಡಿ. ನುಂಗಿದರೆ ನಾವು ಆಳದಿಂದ ತೆಗೆದ ಐದು ಚೂರುಗಳಲ್ಲಿ ಒಂದರಲ್ಲೂ ಏನೂ ಬೆಳೆಯದೆ ಹೋಗಬಹುದು, ಮೂಳೆಯೊಳಗೆ ಅದು ಇದ್ದೇ ಇರುತ್ತದೆ.